ಪಾಸ್‌ವರ್ಡ್ ಸರಿ ಇದೆ, ಬಾಗಿಲು ಮಾತ್ರ ತೆರೆಯುತ್ತಿಲ್ಲ: ಅಪ್‌ಗ್ರೇಡ್ ನಂತರ ಲಾಗಿನ್ ಕೈಕೊಟ್ಟರೆ ಏನು ಮಾಡಬೇಕು?

ಲಿನಕ್ಸ್ ಯಂತ್ರವನ್ನು ಹೊಸ ಆವೃತ್ತಿಗೆ ಏರಿಸಿದ ಮರುದಿನ ಬೆಳಗ್ಗೆ ಬರುವ ದೂರು ಸಾಮಾನ್ಯವಾಗಿ ಒಂದೇ: 'ಪಾಸ್‌ವರ್ಡ್ ತಗೊಳ್ತಿಲ್ಲ ಸಾರ್'. ಕ್ಯಾಪ್ಸ್ ಲಾಕ್ ನೋಡಿದ್ದಾಯ್ತು, ಕೀಬೋರ್ಡ್ ಬದಲಿಸಿದ್ದಾಯ್ತು, ಪಾಸ್‌ವರ್ಡ್ ಬರೆದಿಟ್ಟ ಚೀಟಿ ತೆಗೆದು ಮತ್ತೆ ಹೊಡೆದಿದ್ದೂ ಆಯ್ತು. ಆದರೂ ತೆರೆ ಮೇಲೆ 'ಲಾಗಿನ್ ಇನ್‌ಕರೆಕ್ಟ್'. ಎಷ್ಟೋ ಸಲ ತಪ್ಪು ಪಾಸ್‌ವರ್ಡ್‌ನದ್ದಲ್ಲ. ಆ ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ಪರೀಕ್ಷಿಸಬೇಕಾದ ಲೈಬ್ರರಿಯೇ ಕಾಣೆಯಾಗಿರುತ್ತದೆ, ಇಲ್ಲವೇ ಹಳೆಯದಾಗಿರುತ್ತದೆ.

ಕೋರಮಂಡಲ್‌ನಲ್ಲಿದ್ದುಕೊಂಡು ಕೆಜಿಎಫ್, ಬಂಗಾರಪೇಟೆ ಸುತ್ತಮುತ್ತಲ ಸಣ್ಣ ಕಚೇರಿ, ಟ್ಯೂಷನ್ ಸೆಂಟರ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಈ ತೊಂದರೆಯ ಬಗ್ಗೆ ಕನ್ನಡದಲ್ಲಿ ಒಂದೇ ಕಡೆ ಓದಿಟ್ಟುಕೊಳ್ಳುವಂಥದ್ದು ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕಮಾಂಡ್‌ಗಳನ್ನು ಉಚ್ಚಾರಣೆಯ ಪ್ರಕಾರ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಈಗ ಯಾಕೆ ಈ ಮಾತು?

ಅಪ್‌ಗ್ರೇಡ್ ಮಾಡದೆ ಬೇರೆ ದಾರಿ ಇಲ್ಲದ ಕಾಲ ಇದು. ಸೆಂಟ್‌ಒಎಸ್ 7ಕ್ಕೆ ಬೆಂಬಲ ನಿಂತಿದ್ದು 2024ರ ಜೂನ್ 30ಕ್ಕೆ. ಡೆಬಿಯನ್ 10ರ ದೀರ್ಘಾವಧಿ ಬೆಂಬಲವೂ ಅದೇ ದಿನ ಮುಗಿಯಿತು. ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಕೊನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಕೂಡ ನಿಂತ ಮೇಲೆ, ಹೊಸ ಮೆಷಿನ್ ಕೊಳ್ಳಲು ದುಡ್ಡಿಲ್ಲದ ಜಾಗಗಳಲ್ಲಿ ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಕೊಳ್ಳುವ ಯೋಚನೆಯೂ ಶುರುವಾಗಿದೆ.

ನಮ್ಮೂರಲ್ಲಿ ಇದಕ್ಕೊಂದು ಹೆಚ್ಚುವರಿ ತಾಪತ್ರಯ ಇದೆ. ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಂದಿನಿಂದ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲಿ ಬೆಳಗಿನ ರೈಲು ಹತ್ತುವವರು ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕಂಪ್ಯೂಟರ್ ರಿಪೇರಿ ಗೊತ್ತಿರುವವರು ಬಹುಪಾಲು ಅದೇ ರೈಲಿನಲ್ಲಿ ಇರುತ್ತಾರೆ. ಬೆಳಗ್ಗೆ ಹತ್ತಕ್ಕೆ ಲಾಗಿನ್ ಕೆಟ್ಟರೆ ಗೊತ್ತಿರುವವರು ಕೈಗೆ ಸಿಗುವುದು ರಾತ್ರಿಗೆ. ಅವರು ಬೆಂಗಳೂರಿನಿಂದಲೇ ದೂರದಿಂದ ಸರಿಮಾಡೋಣ ಅಂದರೆ, ಕೆಟ್ಟಿರುವುದು ದೂರದಿಂದ ಒಳಗೆ ಬರುವ ಅದೇ ಬಾಗಿಲು.

ಬಾಗಿಲ ಹಿಂದೆ ಯಾರ್‍ಯಾರು ಇದ್ದಾರೆ?

ಲಿನಕ್ಸ್‌ನಲ್ಲಿ ಪ್ರತಿಯೊಂದು ಪ್ರೋಗ್ರಾಂ ತನಗೆ ಬೇಕಾದ ಎಲ್ಲವನ್ನೂ ಹೊತ್ತುಕೊಂಡು ಓಡಾಡುವುದಿಲ್ಲ. ಎಲ್ಲರಿಗೂ ಬೇಕಾಗುವ ಕೆಲಸಗಳನ್ನು '.ಎಸ್‌ಒ' ಎಂದು ಕೊನೆಯಾಗುವ ಫೈಲ್‌ಗಳಲ್ಲಿ ಇಟ್ಟಿರುತ್ತಾರೆ. ಇವೇ ಶೇರ್ಡ್ ಲೈಬ್ರರಿಗಳು. ಊರಿಗೆಲ್ಲ ಒಂದೇ ಹಿಟ್ಟಿನ ಗಿರಣಿ ಇದ್ದ ಹಾಗೆ. ಗಿರಣಿ ಕೆಟ್ಟರೆ ಎಲ್ಲರ ಮನೆಯ ರೊಟ್ಟಿಗೂ ತೊಂದರೆ.

ಲಾಗಿನ್ ಮಾಡುವಾಗ ಇಂಥ ಹಲವು ಲೈಬ್ರರಿಗಳು ಸಾಲಾಗಿ ಕೆಲಸ ಮಾಡುತ್ತವೆ. ಮೊದಲು 'ಲಾಗಿನ್', 'ಎಸ್‌ಎಸ್‌ಎಚ್‌ಡಿ' ಅಥವಾ ಗ್ರಾಫಿಕ್ ಪರದೆಯ 'ಜಿಡಿಎಂ' ನಿಮ್ಮ ಹೆಸರು ಕೇಳುತ್ತದೆ. ಆ ಹೆಸರಿನವರು ಇದ್ದಾರೋ ಇಲ್ಲವೋ ಎಂದು 'ಎನ್‌ಎಸ್‌ಎಸ್' ಲೈಬ್ರರಿ ಹುಡುಕುತ್ತದೆ. ಪರೀಕ್ಷೆಯ ಜವಾಬ್ದಾರಿ 'ಪ್ಯಾಮ್' ಎಂಬ ವ್ಯವಸ್ಥೆಯದ್ದು. ಸನ್ ಮೈಕ್ರೋಸಿಸ್ಟಮ್ಸ್‌ನವರು 1995ರಲ್ಲಿ ಮುಂದಿಟ್ಟ ಕಲ್ಪನೆ ಇದು: ಪರೀಕ್ಷೆ ಮಾಡುವ ಕೆಲಸವನ್ನು ಪ್ರೋಗ್ರಾಂನಿಂದ ಬಿಡಿಸಿ, ಬೇಕಾದಾಗ ಜೋಡಿಸಬಹುದಾದ ಮಾಡ್ಯೂಲ್‌ಗಳಿಗೆ ಕೊಡುವುದು. ಯಾವ ಮಾಡ್ಯೂಲ್ ಯಾವ ಕ್ರಮದಲ್ಲಿ ಓಡಬೇಕು ಎಂಬುದು /ಇಟಿಸಿ/ಪ್ಯಾಮ್.ಡಿ ಎಂಬ ಡೈರೆಕ್ಟರಿಯಲ್ಲಿ ಬರೆದಿರುತ್ತದೆ. ಅದರಲ್ಲಿ ಮುಖ್ಯವಾದದ್ದು 'ಪ್ಯಾಮ್_ಯುನಿಕ್ಸ್.ಎಸ್‌ಒ'. ಅದು 'ಲಿಬ್‌ಕ್ರಿಪ್ಟ್' ಎಂಬ ಇನ್ನೊಂದು ಲೈಬ್ರರಿಯ ಸಹಾಯದಿಂದ ನೀವು ಹೊಡೆದ ಪಾಸ್‌ವರ್ಡನ್ನು /ಇಟಿಸಿ/ಶ್ಯಾಡೋ ಫೈಲ್‌ನಲ್ಲಿರುವ ಗುರುತಿನ ಜೊತೆ ತಾಳೆ ನೋಡುತ್ತದೆ.

ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಉತ್ತರ 'ಇಲ್ಲ' ಎಂದೇ ಬರುತ್ತದೆ. ಅದು ಸರಿಯೂ ಹೌದು. ಪರೀಕ್ಷೆ ಮಾಡೋಕೆ ಆಗಲಿಲ್ಲ ಅಂದಮೇಲೆ ಒಳಗೆ ಬಿಡಬಾರದು. ತೊಂದರೆ ಏನೆಂದರೆ, 'ಪಾಸ್‌ವರ್ಡ್ ತಪ್ಪು' ಮತ್ತು 'ಪರೀಕ್ಷೆ ಮಾಡುವವನೇ ಇಲ್ಲ' ಎಂಬೆರಡಕ್ಕೂ ಪರದೆ ಮೇಲೆ ಬಹುತೇಕ ಒಂದೇ ಮುಖ.

ಕೆಡುವ ಐದು ಬಗೆ

*1. ಲೈಬ್ರರಿ ಕಾಣೆಯಾಗುವುದು.* ಮೊದಲು ಲಿಬ್‌ಕ್ರಿಪ್ಟ್ ಎಂಬುದು ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯ ಭಾಗವಾಗಿತ್ತು. ನಂತರ ಹಲವು ವಿತರಣೆಗಳು ಅದನ್ನು ಬಿಡಿಸಿ 'ಲಿಬ್‌ಎಕ್ಸ್‌ಕ್ರಿಪ್ಟ್' ಎಂಬ ಪ್ರತ್ಯೇಕ ಯೋಜನೆಗೆ ಬದಲಾಯಿಸಿಕೊಂಡವು. ಡೆಬಿಯನ್ 10ರಲ್ಲಿ 'ಲಿಬ್‌ಕ್ರಿಪ್ಟ್.ಎಸ್‌ಒ.1' ಫೈಲ್ 'ಲಿಬ್‌ಸಿ6' ಪ್ಯಾಕೇಜ್‌ನೊಳಗೇ ಇತ್ತು. ಡೆಬಿಯನ್ 11ರಲ್ಲಿ ಅದು 'ಲಿಬ್‌ಕ್ರಿಪ್ಟ್1' ಎಂಬ ಬೇರೆ ಪ್ಯಾಕೇಜ್. ಹಳೆಯದರಿಂದ ಹೊಸದಕ್ಕೆ ಹೋಗುವಾಗ ಕೆಲವರಿಗೆ ಒಂದು ವಿಚಿತ್ರ ಸ್ಥಿತಿ ಎದುರಾಯಿತು. ಹೊಸ ಲಿಬ್‌ಸಿ6 ಬಂದು ಹಳೇ ಫೈಲನ್ನು ತೆಗೆದಿದೆ, ಲಿಬ್‌ಕ್ರಿಪ್ಟ್1 ಇನ್ನೂ ಬಂದಿಲ್ಲ. ಆ ನಡುವೆ ಅಪ್‌ಗ್ರೇಡ್‌ಗೇ ಬೇಕಾದ ಪರ್ಲ್ ಓಡುವುದು ನಿಂತಿತು. ಪರ್ಲ್ ನಿಂತದ್ದಕ್ಕೆ ಅಪ್‌ಗ್ರೇಡೂ ನಿಂತಿತು. ಲಾಗಿನ್ನಿಗೂ ಅದೇ ಫೈಲ್ ಬೇಕು.

ರೆಡ್ ಹ್ಯಾಟ್ ಕುಟುಂಬದಲ್ಲಿ ಇದರ ಇನ್ನೊಂದು ರೂಪ ಇದೆ. 9ನೇ ಆವೃತ್ತಿಯಲ್ಲಿ ಮೂಲವಾಗಿ ಬರುವುದು 'ಲಿಬ್‌ಕ್ರಿಪ್ಟ್.ಎಸ್‌ಒ.2'. ಹಳೇ ಸಾಫ್ಟ್‌ವೇರ್ '.1' ಕೇಳಿದರೆ 'ಲಿಬ್‌ಎಕ್ಸ್‌ಕ್ರಿಪ್ಟ್-ಕಂಪ್ಯಾಟ್' ಪ್ಯಾಕೇಜ್ ಹಾಕಿಕೊಳ್ಳಬೇಕು.

*2. ಹಳೇ ಪ್ರೋಗ್ರಾಂ ನೆನಪಿನಲ್ಲಿ, ಹೊಸ ಲೈಬ್ರರಿ ಡಿಸ್ಕ್‌ನಲ್ಲಿ.* ಅಪ್‌ಗ್ರೇಡ್ ನಡೆಯುವಾಗ ಮೊದಲೇ ಓಡುತ್ತಿದ್ದ ಪ್ರೋಗ್ರಾಂ ಹಳೇ ಲೈಬ್ರರಿಯನ್ನೇ ನೆನಪಿನಲ್ಲಿ ಹಿಡಿದುಕೊಂಡಿರುತ್ತದೆ. ಪ್ಯಾಮ್ ಮತ್ತು ಎನ್‌ಎಸ್‌ಎಸ್ ಮಾಡ್ಯೂಲ್‌ಗಳನ್ನು ಮಾತ್ರ ಬೇಕಾದ ಕ್ಷಣದಲ್ಲಿ ಡಿಸ್ಕಿನಿಂದ ಎತ್ತಿಕೊಳ್ಳುತ್ತದೆ. ಹೊಸ ಮಾಡ್ಯೂಲ್‌ಗೆ ಹೊಸ ಜಿಲಿಬ್‌ಸಿ ಬೇಕು, ನೆನಪಿನಲ್ಲಿರುವುದು ಹಳೆಯದು. ಎರಡೂ ಕೂಡಿಬರುವುದಿಲ್ಲ. ಸ್ಕ್ರೀನ್ ಲಾಕ್ ಹಾಕಿ ಅಪ್‌ಗ್ರೇಡ್‌ಗೆ ಬಿಟ್ಟು ಊಟಕ್ಕೆ ಹೋದವರು ವಾಪಸ್ ಬಂದಾಗ ಪರದೆ ತೆರೆಯದಿರುವುದಕ್ಕೆ ಇದೇ ಕಾರಣ. ಡೆಬಿಯನ್‌ನ ಲಿಬ್‌ಸಿ ಪ್ಯಾಕೇಜ್ ಈ ಬಗ್ಗೆ ಅಪ್‌ಗ್ರೇಡ್ ನಡುವೆಯೇ ಎಚ್ಚರಿಕೆ ಕೊಟ್ಟು, ಸೇವೆಗಳನ್ನು ರೀಸ್ಟಾರ್ಟ್ ಮಾಡಲೇ ಎಂದು ಕೇಳುತ್ತದೆ. ನಾವು ಓದದೆ ಎಂಟರ್ ಒತ್ತುತ್ತೇವೆ.

2024ರ ಜುಲೈ 1ರಂದು ಓಪನ್‌ಎಸ್‌ಎಸ್‌ಎಚ್ 9.8 ಬಂದಾಗಲೂ ಇದಕ್ಕೆ ಹತ್ತಿರದ ಘಟನೆ ನಡೆಯಿತು. ಪ್ಯಾಕೇಜ್ ಬದಲಾದ ಮೇಲೆ, ಹಳೇ ಎಸ್‌ಎಸ್‌ಎಚ್‌ಡಿ ಇನ್ನೂ ಓಡುತ್ತಿದ್ದರೆ ಹೊಸ ಸಂಪರ್ಕಗಳನ್ನು ಅದು ತೆಗೆದುಕೊಳ್ಳುತ್ತಿರಲಿಲ್ಲ. ಸೇವೆಯನ್ನು ರೀಸ್ಟಾರ್ಟ್ ಮಾಡಿ ಎಂದು ಆರ್ಚ್ ಲಿನಕ್ಸ್‌ನವರು ಅಂದೇ ಸೂಚನೆ ಹಾಕಬೇಕಾಯಿತು.

*3. ಇಲ್ಲದ ಮಾಡ್ಯೂಲ್‌ನ ಹೆಸರು ಕಾನ್ಫಿಗ್‌ನಲ್ಲಿ.* ತಪ್ಪು ಪಾಸ್‌ವರ್ಡ್ ಎಷ್ಟು ಸಲ ಹೊಡೆದರು ಎಂದು ಎಣಿಸುತ್ತಿದ್ದ 'ಪ್ಯಾಮ್_ಟ್ಯಾಲಿ', 'ಪ್ಯಾಮ್_ಟ್ಯಾಲಿ2' ಮಾಡ್ಯೂಲ್‌ಗಳಿಗೆ 2020ರಲ್ಲಿ ವಿದಾಯ ಹೇಳಲಾಯಿತು. ಅವುಗಳ ಜಾಗದಲ್ಲಿ ಈಗ 'ಪ್ಯಾಮ್_ಫೇಲ್‌ಲಾಕ್' ಇದೆ. ಹಳೇ ಸಾಲು ಕಾನ್ಫಿಗ್‌ನಲ್ಲಿ ಹಾಗೇ ಉಳಿದರೆ ಯಾರಿಗೂ ಲಾಗಿನ್ ಇಲ್ಲ.

*4. ಮೂಲೆಯಲ್ಲಿ ಕೂತ ಹಳೇ ಪ್ರತಿ.* ಯಾರೋ ಯಾವಾಗಲೋ ಕೈಯಾರೆ ಕಂಪೈಲ್ ಮಾಡಿ /ಯುಎಸ್‌ಆರ್/ಲೋಕಲ್/ಲಿಬ್‌ನಲ್ಲಿ ಹಾಕಿದ ಓಪನ್‌ಎಸ್‌ಎಸ್‌ಎಲ್ ಅಲ್ಲೇ ಇರುತ್ತದೆ. ಅಪ್‌ಗ್ರೇಡ್‌ಗೆ ಅದರ ವಿಷಯ ಗೊತ್ತೇ ಇಲ್ಲ. ಹುಡುಕುವ ಸಾಲಿನಲ್ಲಿ ಆ ಜಾಗ ಮೊದಲು ಬಂದರೆ, ಹೊಸ ಎಸ್‌ಎಸ್‌ಎಚ್‌ಡಿ ಹಳೇ ಲೈಬ್ರರಿಯನ್ನೇ ಎತ್ತಿಕೊಂಡು 'ಓಪನ್‌ಎಸ್‌ಎಸ್‌ಎಲ್ ವರ್ಷನ್ ಮಿಸ್‌ಮ್ಯಾಚ್' ಎಂದು ನಿಂತುಬಿಡುತ್ತದೆ. ಅರ್ಧಂಬರ್ಧ ಅಪ್‌ಡೇಟ್ ಮಾಡಿದಾಗಲೂ ಇದೇ ಸಂದೇಶ ಬರಬಹುದು.

*5. ಹೊಸ ಗುರುತು, ಹಳೇ ಓದುಗ.* ಡೆಬಿಯನ್ 11ರಿಂದ ಹೊಸ ಪಾಸ್‌ವರ್ಡ್‌ಗಳು 'ಯೆಸ್‌ಕ್ರಿಪ್ಟ್' ವಿಧಾನದಲ್ಲಿ ಉಳಿಯುತ್ತವೆ. ತನ್ನದೇ ಹಳೇ ಲಿಬ್‌ಕ್ರಿಪ್ಟ್ ಹೊತ್ತು ತಂದಿರುವ ಸಾಫ್ಟ್‌ವೇರ್‌ಗೆ ಆ ಬರಹ ಅರ್ಥವಾಗುವುದಿಲ್ಲ. ಅದಕ್ಕೇ ಅಪ್‌ಗ್ರೇಡ್ ದಿನ ಎಲ್ಲ ಸರಿಯಿದ್ದು, ಮುಂದೆ ಯಾರೋ ಪಾಸ್‌ವರ್ಡ್ ಬದಲಿಸಿದ ದಿನ ಅವರಿಗೊಬ್ಬರಿಗೇ ಆ ಸಾಫ್ಟ್‌ವೇರ್‌ನಲ್ಲಿ ಲಾಗಿನ್ ನಿಲ್ಲುತ್ತದೆ.

ಮೊದಲು ಏನು ಮಾಡಬಾರದು

ತೆರೆದಿರುವ ರೂಟ್ ಸೆಷನ್ ಒಂದಾದರೂ ಇದ್ದರೆ ಅದನ್ನು ಮುಚ್ಚಬೇಡಿ. ಒಳಗಿರುವ ಆ ಒಬ್ಬನೇ ನಿಮ್ಮ ಕೈಲಿರುವ ಕೀಲಿ. ಅವಸರಕ್ಕೆ ರೀಬೂಟ್ ಮಾಡಬೇಡಿ. ಎರಡನೇ ಬಗೆಯ ತೊಂದರೆಗೆ ಅದು ಮದ್ದು ಹೌದು, ಆದರೆ ಮೊದಲನೇ ಬಗೆಯಲ್ಲಿ ಇದ್ದ ಒಂದು ಸೆಷನ್ನೂ ಹೋಗುತ್ತದೆ. ಪಾಸ್‌ವರ್ಡ್ ಬದಲಿಸಲು ಹೊರಡಬೇಡಿ, ಆ ಕಮಾಂಡ್ ಕೂಡ ಅದೇ ಪ್ಯಾಮ್ ಮೂಲಕವೇ ಹೋಗಬೇಕು.

ಇನ್ನೆರಡು ಅಪಾಯಕಾರಿ ಸಲಹೆಗಳು ಬಾಯಿಂದ ಬಾಯಿಗೆ ಓಡಾಡುತ್ತವೆ. ಒಂದು, 'ಲಿಬ್‌ಕ್ರಿಪ್ಟ್.ಎಸ್‌ಒ.2ಕ್ಕೆ .1 ಅಂತ ಲಿಂಕ್ ಹಾಕಿಬಿಡಿ' ಅನ್ನೋದು. ಕೊನೆಯ ಅಂಕಿ ಬದಲಾಗಿದೆ ಅಂದರೆ ಒಳಗಿನ ಒಪ್ಪಂದವೇ ಬದಲಾಗಿದೆ ಅಂತ ಅರ್ಥ; ಹೆಸರು ತಿದ್ದಿದರೆ ಒಪ್ಪಂದ ತಿದ್ದಿದ ಹಾಗಾಗಲ್ಲ. ಎರಡು, ಪ್ಯಾಮ್ ಕಾನ್ಫಿಗ್‌ನಲ್ಲಿ 'ಪ್ಯಾಮ್_ಪರ್ಮಿಟ್' ಹಾಕಿ ದಾಟಿಕೊಳ್ಳಿ ಅನ್ನೋದು. ಅದು ಪಾಸ್‌ವರ್ಡನ್ನೇ ನೋಡದೆ ಬಂದವರನ್ನೆಲ್ಲ ಒಳಗೆ ಬಿಡುತ್ತದೆ. ತೆಗೆಯೋಣ ಅಂದುಕೊಂಡು ಮರೆತರೆ ಮುಗಿಯಿತು.

ಕಾಯಿಲೆ ಯಾವುದೆಂದು ಗುರುತಿಸುವುದು

ಮೊದಲು ಲಾಗ್ ಓದಿ. ಡೆಬಿಯನ್, ಉಬುಂಟುಗಳಲ್ಲಿ /ವಾರ್/ಲಾಗ್/ಆಥ್.ಲಾಗ್, ರೆಡ್ ಹ್ಯಾಟ್ ಕಡೆ /ವಾರ್/ಲಾಗ್/ಸೆಕ್ಯೂರ್. ಇವು ಇಲ್ಲದಿದ್ದರೆ 'ಜರ್ನಲ್‌ಸಿಟಿಎಲ್ -ಬಿ'. 'ಪ್ಯಾಮ್ ಅನೇಬಲ್ ಟು ಡಿಎಲ್‌ಓಪನ್' ಅಥವಾ 'ಆ್ಯಡಿಂಗ್ ಫಾಲ್ಟಿ ಮಾಡ್ಯೂಲ್' ಎಂಬ ಸಾಲು ಕಂಡರೆ ಪಾಸ್‌ವರ್ಡ್‌ನ ತಪ್ಪಿಲ್ಲ. ಯಾವ ಫೈಲ್ ಸಿಗಲಿಲ್ಲ ಎಂಬುದು ಅದೇ ಸಾಲಿನಲ್ಲಿ ಇರುತ್ತದೆ. ಪರದೆ ಮೇಲೆ 'ಮಾಡ್ಯೂಲ್ ಈಸ್ ಅನ್‌ನೋನ್' ಎಂದು ಬಂದರೆ ಮೂರನೇ ಬಗೆ ಇರಬಹುದು ಎಂದು ಅಲ್ಲಿಂದ ಶುರುಮಾಡಿ.

ಆಮೇಲೆ 'ಎಲ್‌ಡಿಡಿ' ಕಮಾಂಡ್. ಲಾಗಿನ್, ಎಸ್‌ಎಸ್‌ಎಚ್‌ಡಿ ಮತ್ತು ಪ್ಯಾಮ್_ಯುನಿಕ್ಸ್.ಎಸ್‌ಒ ಮೂರರ ಮೇಲೂ ಓಡಿಸಿ. ಪ್ರತಿಯೊಂದಕ್ಕೂ ಯಾವ್ಯಾವ ಲೈಬ್ರರಿ ಬೇಕು, ಅದು ಎಲ್ಲಿಂದ ಸಿಗುತ್ತಿದೆ ಎಂಬ ಪಟ್ಟಿ ಬರುತ್ತದೆ. 'ನಾಟ್ ಫೌಂಡ್' ಎಂದಿದ್ದರೆ ಮೊದಲನೇ ಬಗೆ. /ಯುಎಸ್‌ಆರ್/ಲೋಕಲ್ ಎಂದು ದಾರಿ ತೋರಿಸಿದರೆ ನಾಲ್ಕನೇ ಬಗೆ. ಆ ಫೈಲ್ ಯಾವ ಪ್ಯಾಕೇಜ್‌ನದ್ದು ಎಂದು ಡೆಬಿಯನ್‌ನಲ್ಲಿ 'ಡಿಪಿಕೆಜಿ -ಎಸ್' (ದೊಡ್ಡಕ್ಷರದ ಎಸ್), ರೆಡ್ ಹ್ಯಾಟ್‌ನಲ್ಲಿ 'ಆರ್‌ಪಿಎಂ -ಕ್ಯೂಎಫ್' ಹೇಳುತ್ತವೆ. ಯಾವ ಪ್ಯಾಕೇಜ್‌ಗೂ ಸೇರದ್ದು ಅನಾಥ ಪ್ರತಿ, ಅನುಮಾನ ಅದರ ಮೇಲಿರಲಿ.

ಎಲ್ಲವೂ ಸಿಕ್ಕಿತು, ಆದರೂ ಲಾಗಿನ್ ಇಲ್ಲ ಅಂದರೆ ಎರಡನೇ ಬಗೆಯನ್ನು ನೋಡಿ. ಡೆಬಿಯನ್ ಕಡೆ 'ನೀಡ್‌ರೀಸ್ಟಾರ್ಟ್', ರೆಡ್ ಹ್ಯಾಟ್ ಕಡೆ 'ಡಿಎನ್‌ಎಫ್ ನೀಡ್ಸ್-ರೀಸ್ಟಾರ್ಟಿಂಗ್' ಎಂಬ ಸಾಧನಗಳು ಹಳೇ ಲೈಬ್ರರಿ ಹಿಡಿದು ಕೂತ ಪ್ರೋಗ್ರಾಂಗಳ ಪಟ್ಟಿ ಕೊಡುತ್ತವೆ.

ರಿಪೇರಿ

*ರೂಟ್ ಸೆಷನ್ ಕೈಲಿದ್ದರೆ:* ನಿಂತುಹೋದ ಅಪ್‌ಗ್ರೇಡ್ ಮುಗಿಸುವುದು ಮೊದಲ ಕೆಲಸ. 'ಡಿಪಿಕೆಜಿ --ಕಾನ್ಫಿಗರ್ -ಎ', ನಂತರ 'ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್'. ಬಹಳಷ್ಟು ಸಲ ಇಲ್ಲಿಗೇ ಮುಗಿಯುತ್ತದೆ. ಲಿಬ್‌ಕ್ರಿಪ್ಟ್ ಇಲ್ಲದೆ ಇವೇ ಓಡದಿದ್ದರೆ, 'ಎಪಿಟಿ ಡೌನ್‌ಲೋಡ್ ಲಿಬ್‌ಕ್ರಿಪ್ಟ್1' ಎಂದು ಪ್ಯಾಕೇಜ್ ಇಳಿಸಿಕೊಳ್ಳಿ, 'ಡಿಪಿಕೆಜಿ-ಡೆಬ್ -ಎಕ್ಸ್' ಬಳಸಿ /ಟಿಎಂಪಿ ಒಳಗಿನ ಒಂದು ಖಾಲಿ ಡೈರೆಕ್ಟರಿಗೆ ಬಿಚ್ಚಿ, ಅದರೊಳಗಿನ ಲಿಬ್‌ಕ್ರಿಪ್ಟ್ ಫೈಲ್‌ಗಳನ್ನಷ್ಟೇ ಲೈಬ್ರರಿ ಇರಬೇಕಾದ ಜಾಗಕ್ಕೆ ಕಾಪಿ ಮಾಡಿ. ಮತ್ತೆ ಫಿಕ್ಸ್-ಬ್ರೋಕನ್ ಓಡಿಸಿ, ಪ್ಯಾಕೇಜ್ ತಾನೇ ಸರಿಯಾಗಿ ಕೂರುತ್ತದೆ. ಪ್ಯಾಕೇಜನ್ನು ನೇರ ಮೂಲ ಡೈರೆಕ್ಟರಿಯ ಮೇಲೆ ಬಿಚ್ಚಬೇಡಿ.

ಮೂರನೇ ಬಗೆಗೆ /ಇಟಿಸಿ/ಪ್ಯಾಮ್.ಡಿ ಒಳಗೆ 'ಗ್ರೆಪ್' ಮಾಡಿ ಹಳೇ ಹೆಸರಿನ ಸಾಲನ್ನು ತೆಗೆಯಿರಿ ಅಥವಾ ಫೇಲ್‌ಲಾಕ್‌ಗೆ ಬದಲಿಸಿ. ಡೆಬಿಯನ್‌ನಲ್ಲಿ 'ಪ್ಯಾಮ್-ಆಥ್-ಅಪ್‌ಡೇಟ್', ರೆಡ್ ಹ್ಯಾಟ್‌ನಲ್ಲಿ 'ಆಥ್‌ಸೆಲೆಕ್ಟ್' ಇರುವುದೇ ಈ ಕೆಲಸಕ್ಕೆ. ನಾಲ್ಕನೆಯದಕ್ಕೆ ಅನಾಥ ಪ್ರತಿಯನ್ನು ಅಳಿಸದೆ ಬೇರೆ ಕಡೆ ಸರಿಸಿ, 'ಎಲ್‌ಡಿಕಾನ್ಫಿಗ್' ಓಡಿಸಿ, 'ಎಸ್‌ಎಸ್‌ಎಚ್‌ಡಿ -ಟಿ' ಎಂದು ಪರೀಕ್ಷಿಸಿ, ಆಮೇಲೆ ಸೇವೆಯನ್ನು ರೀಸ್ಟಾರ್ಟ್ ಮಾಡಿ. ಸಾಮಾನ್ಯ ಜೋಡಣೆಯಲ್ಲಿ ಎಸ್‌ಎಸ್‌ಎಚ್ ಸೇವೆ ರೀಸ್ಟಾರ್ಟ್ ಆದರೂ ಈಗಾಗಲೇ ತೆರೆದಿರುವ ಸೆಷನ್ ಕಡಿದುಹೋಗುವುದಿಲ್ಲ. ಐದನೆಯದಕ್ಕೆ ಶಾಶ್ವತ ಪರಿಹಾರ ಆ ಸಾಫ್ಟ್‌ವೇರ್‌ನ ಹೊಸ ಆವೃತ್ತಿ. ಅಲ್ಲಿಯವರೆಗೆ ಪ್ಯಾಮ್ ಕಾನ್ಫಿಗ್‌ನಲ್ಲಿ ಯೆಸ್‌ಕ್ರಿಪ್ಟ್ ಬದಲು 'ಶಾ512' ಇಟ್ಟು ಪಾಸ್‌ವರ್ಡ್ ಮತ್ತೆ ಹಾಕಿಕೊಳ್ಳಬಹುದು.

*ಒಳಗೆ ಯಾರೂ ಇಲ್ಲದಿದ್ದರೆ:* ಮೆಷಿನ್ ಎದುರೇ ಕೂರಬೇಕು. ಸ್ಕ್ರೀನ್ ಲಾಕ್ ಮಾತ್ರ ತೆರೆಯುತ್ತಿಲ್ಲ ಅಂದರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಬೇರೆ ಕನ್ಸೋಲ್‌ನಲ್ಲಿ ಒಳಗೆ ಹೋಗಿ ನೋಡಿ. ಅದೂ ಆಗದಿದ್ದರೆ ರೀಬೂಟ್ ಮಾಡಿ, ಗ್ರಬ್ ಪಟ್ಟಿ ಬಂದಾಗ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ 'ಇನಿಟ್=/ಬಿನ್/ಬ್ಯಾಶ್' ಸೇರಿಸಿ ಬೂಟ್ ಮಾಡಿ. ಪಾಸ್‌ವರ್ಡ್ ಕೇಳದೆ ರೂಟ್ ಶೆಲ್ ಸಿಗುತ್ತದೆ. 'ಮೌಂಟ್ -ಒ ರೀಮೌಂಟ್,ಆರ್‌ಡಬ್ಲ್ಯೂ /' ಎಂದರೆ ಡಿಸ್ಕ್‌ಗೆ ಬರೆಯಬಹುದು. ಸೆಲಿನಕ್ಸ್ ಇರುವ ಮೆಷಿನ್‌ನಲ್ಲಿ ಫೈಲ್ ಬದಲಿಸಿದ್ದರೆ ಮೂಲ ಡೈರೆಕ್ಟರಿಯಲ್ಲಿ '.ಆಟೋರೀಲೇಬಲ್' ಎಂಬ ಖಾಲಿ ಫೈಲ್ ಇಟ್ಟು ರೀಬೂಟ್ ಮಾಡಿ.

ಬ್ಯಾಶೇ ಓಡದಷ್ಟು ಕೆಟ್ಟಿದ್ದರೆ ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ ಬೂಟ್ ಮಾಡಿ, ಡಿಸ್ಕನ್ನು ಮೌಂಟ್ ಮಾಡಿ, ಕಾಣೆಯಾದ ಫೈಲನ್ನು ಅದೇ ಆವೃತ್ತಿಯ ಪ್ಯಾಕೇಜ್‌ನಿಂದ ಹೊರಗಿನಿಂದಲೇ ಇಟ್ಟು, ಆಮೇಲೆ 'ಸಿಎಚ್‌ರೂಟ್' ಮೂಲಕ ಒಳಗೆ ಹೋಗಿ ಅಪ್‌ಗ್ರೇಡ್ ಮುಗಿಸಿ.

ಬಂಗಾರಪೇಟೆಯ ಒಂದು ಪ್ರಕರಣ

ಬಂಗಾರಪೇಟೆಯ ಒಂದು ಸಣ್ಣ ಕಚೇರಿಯಲ್ಲಿ ನಡೆದದ್ದು ಇದು. ಉಬುಂಟು 20.04ರಿಂದ 22.04ಕ್ಕೆ ಅಪ್‌ಗ್ರೇಡ್ ಸುಸೂತ್ರವಾಗಿ ಆಗಿತ್ತು. ಎರಡು ದಿನ ಎಲ್ಲರೂ ಕೆಲಸ ಮಾಡಿದ್ದರು. ಮೂರನೇ ದಿನ ಸಂಬಳದ ಪಟ್ಟಿ ಹೋಗಬೇಕು, ಆದರೆ ಮ್ಯಾನೇಜರ್‌ನಿಂದ ಹಿಡಿದು ಯಾರಿಗೂ ಲಾಗಿನ್ ಇಲ್ಲ. 'ಮೊನ್ನೆ ಅಪ್‌ಗ್ರೇಡ್ ಮಾಡಿದ್ದಕ್ಕೇ ಹಿಂಗಾಯ್ತು' ಅಂತ ಎಲ್ಲರೂ ತೀರ್ಮಾನ ಮಾಡಿಯಾಗಿತ್ತು.

ಲೈವ್ ಪೆನ್‌ಡ್ರೈವ್ ಹಾಕಿ ಲಾಗ್ ನೋಡಿದರೆ 'ಫಾಲ್ಟಿ ಮಾಡ್ಯೂಲ್: ಪ್ಯಾಮ್_ಟ್ಯಾಲಿ2.ಎಸ್‌ಒ'. ನನಗೆ ಒಗಟಾಗಿದ್ದು ಇಲ್ಲೇ. ಡೆಬಿಯನ್, ಉಬುಂಟುಗಳಲ್ಲಿ ಈ ಸಾಲು ಇದ್ದರೆ ಪ್ಯಾಮ್ ಪ್ಯಾಕೇಜ್ ಅಪ್‌ಗ್ರೇಡನ್ನೇ ತಡೆದು, 'ಮೊದಲು ಇದನ್ನು ತೆಗೆಯಿರಿ, ಇಲ್ಲದಿದ್ದರೆ ಯಾರಿಗೂ ಲಾಗಿನ್ ಆಗುವುದಿಲ್ಲ' ಎಂದು ಹೇಳುತ್ತದೆ. ಹಾಗಾದರೆ ಸಾಲು ಬಂದಿದ್ದು ಅಪ್‌ಗ್ರೇಡ್ ಆದ ಮೇಲೆ. ಫೈಲ್‌ನ ದಿನಾಂಕ ಹಿಂದಿನ ಸಂಜೆಯದ್ದು. ಕೇಳಿದಾಗ ಗೊತ್ತಾಯ್ತು: ಸೆಕ್ಯೂರಿಟಿ ಗುತ್ತಿಗೆಯವರು ಬಂದು ತಮ್ಮ 'ಹಾರ್ಡನಿಂಗ್' ಸ್ಕ್ರಿಪ್ಟ್ ಓಡಿಸಿ ಹೋಗಿದ್ದರು. ವರ್ಷಗಳ ಹಿಂದೆ ಬರೆದ ಸ್ಕ್ರಿಪ್ಟ್ ಅದು, ಇಲ್ಲದ ಮಾಡ್ಯೂಲ್‌ನ ಹೆಸರನ್ನು ಎಲ್ಲ ಫೈಲ್‌ಗೂ ಬರೆದಿತ್ತು. ಒಂದು ಸಾಲು ತೆಗೆದು ಫೇಲ್‌ಲಾಕ್ ಹಾಕಿದೆ. ಮಧ್ಯಾಹ್ನದೊಳಗೆ ಪಟ್ಟಿ ಹೋಯಿತು. ಅಪ್‌ಗ್ರೇಡ್ ಆದ ಮೇಲೆ ಕೆಟ್ಟದ್ದೆಲ್ಲ ಅಪ್‌ಗ್ರೇಡ್‌ನಿಂದಲೇ ಕೆಟ್ಟಿತು ಎಂದು ಹೇಳುವ ಮೊದಲು ಫೈಲ್‌ನ ದಿನಾಂಕ ನೋಡಿ.

'ಓಡ್ತಿದೆಯಲ್ಲ, ಮುಟ್ಟಬೇಡಿ'

ಇಂಥ ಒಂದು ಅನುಭವ ಆದ ಕಚೇರಿ ಮುಂದೆ ಅಪ್‌ಗ್ರೇಡ್ ಮಾತೆತ್ತಿದರೆ ಹೆದರುತ್ತದೆ. 'ಓಡ್ತಿದೆಯಲ್ಲ, ಮುಟ್ಟಬೇಡಿ' ಅನ್ನುವುದೇ ನಿಯಮವಾಗುತ್ತದೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಓಪನ್‌ಎಸ್‌ಎಸ್‌ಎಚ್ 9.8 ಬಂದದ್ದೇ ಪಾಸ್‌ವರ್ಡ್ ಇಲ್ಲದೆ ರೂಟ್ ಆಗಿ ಒಳನುಗ್ಗಬಹುದಾದ 'ರಿಗ್ರೆಶನ್' ಎಂಬ ದೋಷವನ್ನು ಮುಚ್ಚಲು. ಅದಕ್ಕೂ ಮೊದಲು, 2024ರ ಮಾರ್ಚ್ 29ರಂದು, ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಎಕ್ಸ್‌ಝಡ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಕಳ್ಳಬಾಗಿಲು ಇಟ್ಟಿರುವುದನ್ನು ಬಯಲು ಮಾಡಿದರು. ಅವರಿಗೆ ಅನುಮಾನ ಬಂದದ್ದು ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದ್ದುದರಿಂದ. ಫೈಲ್ ಕುಗ್ಗಿಸುವ ಒಂದು ಲೈಬ್ರರಿ, ಸಿಸ್ಟಮ್‌ಡಿ ಮೂಲಕ ಸುತ್ತಿಬಳಸಿ, ಲಾಗಿನ್ ಬಾಗಿಲ ಹಿಂದೆ ಬಂದು ಕೂತಿತ್ತು. ಬಾಗಿಲ ಹಿಂದಿನ ಲೈಬ್ರರಿಗಳ ಮೇಲೆ ಕಣ್ಣಿಡದೆ ಆಗದು. ಕಣ್ಣಿಟ್ಟ ಮೇಲೆ ಬದಲಿಸದೆಯೂ ಆಗದು.

ಹಾಗಾಗಿ ಪ್ರಶ್ನೆ ಅಪ್‌ಗ್ರೇಡ್ ಬೇಕೋ ಬೇಡವೋ ಎಂಬುದಲ್ಲ, ಯಾರ ಸಮ್ಮುಖದಲ್ಲಿ ಎಂಬುದು. ಬೆಂಗಳೂರಿನಲ್ಲಿ ಕೂತು ಕೆಜಿಎಫ್‌ನ ಮೆಷಿನ್ ಅಪ್‌ಗ್ರೇಡ್ ಮಾಡುವ ಗುತ್ತಿಗೆ ಅಗ್ಗವಾಗಿ ಕಾಣುತ್ತದೆ. ಎಸ್‌ಎಸ್‌ಎಚ್ ಒಮ್ಮೆ ಮುಚ್ಚಿಕೊಂಡರೆ ಗ್ರಬ್ ಪಟ್ಟಿಯ ಮುಂದೆ 'ಇ' ಒತ್ತಲು ಇಲ್ಲೊಬ್ಬರು ಬೇಕು. ಅವರಿಗೆ ಒಂದು ಪುಟದ ಸೂಚನೆ, ಒಂದು ಪೆನ್‌ಡ್ರೈವ್, ಸರ್ವರ್ ಕೋಣೆಯ ಕೀಲಿ ಇದ್ದರೆ ಸಾಕು. ಕಚೇರಿಗಳು, ಶಾಲೆಗಳು ನಿರ್ವಹಣೆಯ ಕರಾರು ಬರೆಯುವಾಗ ಸ್ಥಳದಲ್ಲಿ ಇರಬೇಕಾದ ಆ ಒಬ್ಬರ ಹೆಸರನ್ನೂ, ಅವರಿಗೆ ಕೊಡಬೇಕಾದ ಸಂಬಳವನ್ನೂ ಬರೆಯಬೇಕು. ಕೆಲಸಕ್ಕಾಗಿ ರೈಲು ಹತ್ತುವ ಊರಲ್ಲಿ ಇದು ಚಿಕ್ಕ ಮಾತೇನಲ್ಲ.

ಅಪ್‌ಗ್ರೇಡ್‌ಗೆ ಮುನ್ನ ಗೋಡೆಗೆ ಅಂಟಿಸುವ ಪಟ್ಟಿ

– ಡೇಟಾ ಜೊತೆಗೆ /ಇಟಿಸಿ ಪೂರ್ತಿ ಬ್ಯಾಕಪ್.
– ಪ್ಯಾಮ್.ಡಿ ಒಳಗೆ 'ಟ್ಯಾಲಿ' ಎಂಬ ಪದ ಇದೆಯೇ? ಬೆರಳಚ್ಚು, ಸ್ಮಾರ್ಟ್‌ಕಾರ್ಡ್‌ನಂಥ ಹೊರಗಿನ ಮಾಡ್ಯೂಲ್ ಇದೆಯೇ?
– ಒಂದು ಆವೃತ್ತಿ ಬಿಟ್ಟು ಇನ್ನೊಂದಕ್ಕೆ ಹಾರಬೇಡಿ. ಡೆಬಿಯನ್ 10ರಿಂದ 11, 11ರಿಂದ 12.
– ಯುಪಿಎಸ್ ಇರಲಿ. ದೂರದಿಂದ ಮಾಡುವುದಾದರೆ 'ಟಿಮಕ್ಸ್' ಒಳಗೆ ಮಾಡಿ, ನೆಟ್‌ವರ್ಕ್ ಹೋದರೂ ಕೆಲಸ ನಡೆಯುತ್ತದೆ.
– ಸ್ಕ್ರೀನ್ ಲಾಕ್ ಆಫ್ ಮಾಡಿ. ಎರಡು ರೂಟ್ ಸೆಷನ್ ತೆರೆದಿಡಿ.
– ಕಾನ್ಫಿಗ್ ಬಗ್ಗೆ ಪ್ರಶ್ನೆ ಬಂದರೆ ಓದಿ ಉತ್ತರಿಸಿ. ಮುಗಿದ ಮೇಲೆ '.ಡಿಪಿಕೆಜಿ-ಡಿಸ್ಟ್', '.ಆರ್‌ಪಿಎಂನ್ಯೂ' ಫೈಲ್‌ಗಳನ್ನು ಹುಡುಕಿ ಹೋಲಿಸಿ.
– ಸೇವೆಗಳನ್ನು ರೀಸ್ಟಾರ್ಟ್ ಮಾಡಿ, ಹಳೇ ಸೆಷನ್ ಮುಚ್ಚುವ ಮೊದಲು ಹೊಸದಾಗಿ ಕನ್ಸೋಲ್, ಎಸ್‌ಎಸ್‌ಎಚ್, ಗ್ರಾಫಿಕ್ ಮೂರರಲ್ಲೂ ಲಾಗಿನ್ ಆಗಿ ನೋಡಿ.
– ಶುಕ್ರವಾರ ಸಂಜೆ, ಸಂಬಳದ ವಾರ, ಪರೀಕ್ಷೆಯ ಹಿಂದಿನ ದಿನ ಬೇಡ.